ಸಕ್ಕರೆ ಕಾಯಿಲೆಯೂ ಹೊಟ್ಟೆಯ ಶಸ್ತ್ರಚಿಕಿತ್ಸೆಯೂ: ಹದಿನೈದು ವರ್ಷಗಳ ಲೆಕ್ಕ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ವಿಸ್ತರಿಸಿ ಬರೆಯಲು ನಾವು ಪ್ರತಿವರ್ಷವೂ ಹತ್ತನೆಯ ತರಗತಿಗೆ ಕೊಡುವುದುಂಟು. ಕಳೆದ ವರ್ಷ ಹೀಗೆ ಕೊಟ್ಟಾಗ ಒಬ್ಬ ಹುಡುಗನು ಅರ್ಧ ಪುಟ ಬರೆದು ನಿಲ್ಲಿಸಿ, ನಮ್ಮ ಮೇಜಿನ ಬಳಿಗೆ ಬಂದು ಮೆಲ್ಲನೆ ಕೇಳಿದನು: “ಸಾರ್, ಹೊಟ್ಟೆಗೆ ಆಪರೇಷನ್ ಮಾಡಿಸಿದರೆ ಸಕ್ಕರೆ ಕಾಯಿಲೆ ಪೂರ್ತಿ ವಾಸಿಯಾಗುತ್ತದಂತೆ, ನಿಜವಾ ಸಾರ್? ನಮ್ಮಪ್ಪ ಹೊಲ ಮಾರಿಯಾದರೂ ಮಾಡಿಸಿಕೊಳ್ಳುತ್ತೇನೆ ಅಂತಾರೆ.”

ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಕನ್ನಡದ ಉಪಾಧ್ಯಾಯರೇ ಹೊರತು ವೈದ್ಯರಲ್ಲ. ಆದರೂ ಡೆಂಕಣಿಕೋಟೆಯ ಸುತ್ತಿನ ಹಳ್ಳಿಗಳಲ್ಲಿ ಆಸ್ಪತ್ರೆಯ ಚೀಟಿ ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬರುತ್ತದೆ. ಮನೆಯ ಮಾತು ಕನ್ನಡ ಅಥವಾ ತೆಲುಗು ಆಗಿರುತ್ತದೆ. ಚೀಟಿಯನ್ನು ಓದಿ ಹೇಳುವ ಕೆಲಸ ಶಾಲೆಗೆ ಹೋಗುವ ಮಕ್ಕಳದಾಗುತ್ತದೆ. ಹೀಗಿರುವಾಗ ಈ ವಿಷಯವನ್ನು ನಮ್ಮ ನುಡಿಯಲ್ಲಿ ತಿಳಿಸಿಕೊಡುವುದು ನಮ್ಮ ಕರ್ತವ್ಯವೆಂದು ತೋರಿತು. ಬಲ್ಲವರನ್ನು ಕೇಳಿ, ಓದಿ, ತಿಳಿದುಕೊಂಡಷ್ಟನ್ನು ಈ ಪಾಠದ ರೂಪದಲ್ಲಿ ಬರೆದಿದ್ದೇವೆ.

ರೋಗದ ಪರಿಚಯ

ಮೊದಲು ಹೆಸರನ್ನು ನೋಡೋಣ. ‘ಮಧು’ ಎಂದರೆ ಜೇನು, ‘ಮೇಹ’ ಎಂದರೆ ಮೂತ್ರ. ಮೂತ್ರದಲ್ಲಿ ಸಿಹಿ ಕಾಣಿಸಿಕೊಳ್ಳುವುದರಿಂದ ನಮ್ಮ ಹಿಂದಿನ ವೈದ್ಯರು ಇದನ್ನು ‘ಮಧುಮೇಹ’ವೆಂದು ಕರೆದರು. ಆದರೆ ಸಿಹಿ ಹೆಚ್ಚುವುದು ಮೊದಲು ರಕ್ತದಲ್ಲಿ. ನಾವು ಉಂಡ ಅನ್ನ, ಮುದ್ದೆ, ಹಣ್ಣುಗಳಲ್ಲಿರುವ ಪಿಷ್ಟ ಮತ್ತು ಸಕ್ಕರೆಗಳು ಗ್ಲೂಕೋಸ್ ಆಗಿ ರಕ್ತವನ್ನು ಸೇರುತ್ತವೆ. ಅದು ರಕ್ತದಿಂದ ಜೀವಕೋಶಗಳ ಒಳಗೆ ಹೋಗಲು ಇನ್ಸುಲಿನ್ ಎಂಬ ರಸ ಬೇಕು. ಈ ರಸವು ಜಠರದ ಹಿಂದೆ ಇರುವ ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುತ್ತದೆ. ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು 1921ರಲ್ಲಿ ಇದನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಒಬ್ಬ ಬಾಲಕನಿಗೆ ಮೊದಲ ಬಾರಿಗೆ ಚುಚ್ಚಿದರು.

ಮಧುಮೇಹದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದನೆಯ ಬಗೆಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗುತ್ತದೆ. ಇದು ಹೆಚ್ಚಾಗಿ ಮಕ್ಕಳಲ್ಲಿಯೂ ಯುವಕರಲ್ಲಿಯೂ ತೋರುತ್ತದೆ. ಎರಡನೆಯ ಬಗೆಯಲ್ಲಿ ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಕೇಳುವುದಿಲ್ಲ. ಗ್ರಂಥಿಯು ದುಡಿದು ದುಡಿದು ಕ್ರಮೇಣ ದಣಿಯುತ್ತದೆ. ನಮ್ಮ ಊರುಗಳಲ್ಲಿ ‘ಶುಗರ್’ ಎಂದು ಕರೆಯುವುದು ಬಹುಮಟ್ಟಿಗೆ ಈ ಎರಡನೆಯ ಬಗೆಯನ್ನೇ. ಈ ಪಾಠದಲ್ಲಿ ಹೇಳುವುದೆಲ್ಲವೂ ಅದಕ್ಕೆ ಸಂಬಂಧಿಸಿದುದೆಂದು ನೆನಪಿಡಬೇಕು.

ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಮಧುಮೇಹವೆಂದು ಎಣಿಸುತ್ತಾರೆ. ಮತ್ತೊಂದು ಪರೀಕ್ಷೆಯ ಹೆಸರು ಎಚ್‌ಬಿಎ1ಸಿ. ಇದು ಕಳೆದ ಎರಡು ಮೂರು ತಿಂಗಳುಗಳ ಸರಾಸರಿಯನ್ನು ತೋರಿಸುತ್ತದೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ಉಪವಾಸವಿದ್ದು ಇದನ್ನು ವಂಚಿಸಲು ಸಾಧ್ಯವಿಲ್ಲ! ಶೇಕಡ 5.7ಕ್ಕಿಂತ ಕಡಿಮೆ ಇದ್ದರೆ ಸರಿ, 6.5 ಅಥವಾ ಅದಕ್ಕೂ ಮೇಲಿದ್ದರೆ ಮಧುಮೇಹ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಇನ್ನೂ 13 ಕೋಟಿ 60 ಲಕ್ಷ ಜನರು ಅದರ ಹೊಸ್ತಿಲಲ್ಲಿದ್ದಾರೆ.

ಶಸ್ತ್ರಚಿಕಿತ್ಸೆ ಎಂದರೇನು?

ಮಿತಿಮೀರಿದ ದೇಹತೂಕವನ್ನು ಇಳಿಸಲು ಜಠರ ಮತ್ತು ಕರುಳಿನ ಮೇಲೆ ಮಾಡುವ ಶಸ್ತ್ರಚಿಕಿತ್ಸೆಗೆ ಬೇರಿಯಾಟ್ರಿಕ್ ಸರ್ಜರಿ ಎಂದು ಹೆಸರು. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ ಬೇರೆ, ಇದು ಬೇರೆ. ಕೊಬ್ಬು ಹೀರುವುದು ಅಂದಕ್ಕಾಗಿ ಮಾಡುವ ಕೆಲಸ. ಅದರಿಂದ ಸಕ್ಕರೆ ಕಾಯಿಲೆ ಹತೋಟಿಗೆ ಬರುವುದಿಲ್ಲ. ಈ ಎರಡನ್ನೂ ಒಂದೇ ಎಂದು ತಿಳಿಯುವವರು ನಮ್ಮಲ್ಲಿ ಬಹಳ ಮಂದಿ.

ಇದರಲ್ಲಿ ಎರಡು ಪದ್ಧತಿಗಳು ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಇದರಲ್ಲಿ ಜಠರದ ಮುಕ್ಕಾಲು ಭಾಗವನ್ನೋ ಅದಕ್ಕೂ ಹೆಚ್ಚನ್ನೋ ಉದ್ದುದ್ದಕ್ಕೆ ಕತ್ತರಿಸಿ ತೆಗೆದು, ಉಳಿದುದನ್ನು ಅಂಗಿಯ ತೋಳಿನಂತೆ ಸಣ್ಣ ಕೊಳವೆಯಾಗಿ ಮಾಡುತ್ತಾರೆ. ಎರಡನೆಯದು ಗ್ಯಾಸ್ಟ್ರಿಕ್ ಬೈಪಾಸ್. ಇದರಲ್ಲಿ ಜಠರದ ಮೇಲುಭಾಗದಲ್ಲಿ ಕೋಳಿಮೊಟ್ಟೆಗಿಂತ ದೊಡ್ಡದಲ್ಲದ ಚಿಕ್ಕ ಚೀಲವೊಂದನ್ನು ಉಳಿಸಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಲಾರಿಗಳು ಹೊಸೂರು ಪೇಟೆಯೊಳಗೆ ನುಗ್ಗದೆ ಹೊರಗಿನ ರಸ್ತೆಯಲ್ಲಿ ಸಾಗುವಂತೆ, ಆಹಾರವು ದೊಡ್ಡ ಜಠರವನ್ನೂ ಸಣ್ಣ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಹೋಗುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು 1966ರಲ್ಲಿ ಈ ಬೈಪಾಸನ್ನು ಆರಂಭಿಸಿದರು.

ಅವರ ಉದ್ದೇಶ ತೂಕವನ್ನು ಇಳಿಸುವುದಷ್ಟೇ ಆಗಿತ್ತು. ಸಕ್ಕರೆಯ ವಿಷಯ ತಾನಾಗಿ ಹೊರಬಿದ್ದಿತು. ಉತ್ತರ ಕೆರೊಲಿನಾದ ವಾಲ್ಟರ್ ಪೋರೀಸ್ ಎಂಬ ಶಸ್ತ್ರವೈದ್ಯರು ತಮ್ಮ ಹದಿನಾಲ್ಕು ವರ್ಷಗಳ ಅನುಭವವನ್ನು 1995ರಲ್ಲಿ ಪ್ರಕಟಿಸಿದರು. ಬೈಪಾಸ್ ಆದ 146 ಮಂದಿ ಮಧುಮೇಹಿಗಳಲ್ಲಿ 121 ಮಂದಿಯ ಸಕ್ಕರೆ ಸಾಮಾನ್ಯ ಮಟ್ಟಕ್ಕೆ ಇಳಿದಿತ್ತು. ಹೀಗಾಗಬಹುದೆಂದು ಯಾರು ತಾನೇ ಎಣಿಸಿದ್ದರು ಎಂಬ ಬೆರಗನ್ನು ಅವರು ತಮ್ಮ ಲೇಖನದ ತಲೆಬರಹದಲ್ಲಿಯೇ ಸೂಚಿಸಿದ್ದರು. ನಮ್ಮ ದೇಶದಲ್ಲಿ 2014ರಲ್ಲಿ ಆಗಿನ ಹಣಕಾಸು ಸಚಿವರಾದ ಅರುಣ್ ಜೇಟ್ಲಿಯವರು ಇಂತಹ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ಪತ್ರಿಕೆಗಳ ಮೂಲಕ ಇದರ ಹೆಸರು ಜನಸಾಮಾನ್ಯರ ಕಿವಿಗೂ ಬಿದ್ದಿತು.

ಸಕ್ಕರೆ ಇಳಿಯುವ ಬಗೆ

ತೂಕ ಇಳಿದುದರಿಂದ ಸಕ್ಕರೆ ಇಳಿಯಿತು ಎಂದರೆ ಅರ್ಧ ಉತ್ತರವಾದೀತು. ಬೈಪಾಸ್ ಆದ ಕೆಲವೇ ದಿನಗಳಲ್ಲಿ, ತೂಕವಿನ್ನೂ ಹೆಚ್ಚು ಇಳಿಯುವ ಮೊದಲೇ, ಸಕ್ಕರೆ ಇಳಿಯತೊಡಗುತ್ತದೆ. ಇದಕ್ಕೆ ಹಲವು ಕಾರಣಗಳಿವೆ.

ಒಂದು, ಆಹಾರದ ಪ್ರಮಾಣ ಒಮ್ಮೆಗೇ ಕಡಿಮೆಯಾಗುತ್ತದೆ. ಆಗ ಯಕೃತ್ತಿನಲ್ಲಿ ತುಂಬಿಕೊಂಡಿದ್ದ ಕೊಬ್ಬು ಕರಗಿ, ಅದು ರಕ್ತಕ್ಕೆ ಸಕ್ಕರೆಯನ್ನು ಸುರಿಯುವುದು ತಗ್ಗುತ್ತದೆ. ಎರಡು, ಆಹಾರವು ಕರುಳಿನ ಕೆಳಭಾಗಕ್ಕೆ ಬೇಗನೆ ತಲುಪುವುದರಿಂದ ಅಲ್ಲಿ ಜಿಎಲ್‌ಪಿ-1 ಎಂಬ ರಸ ಹೇರಳವಾಗಿ ಹುಟ್ಟುತ್ತದೆ. ಇದು ಮೇದೋಜೀರಕ ಗ್ರಂಥಿಯನ್ನು ಎಚ್ಚರಿಸಿ ಇನ್ಸುಲಿನ್ ಸ್ರವಿಸುವಂತೆ ಮಾಡುತ್ತದೆ, ಹಸಿವನ್ನೂ ಅಡಗಿಸುತ್ತದೆ. ಈಗ ಮಧುಮೇಹಕ್ಕೂ ತೂಕಕ್ಕೂ ಕೊಡುವ ಕೆಲವು ಹೊಸ ಚುಚ್ಚುಮದ್ದುಗಳು ಈ ರಸವನ್ನು ಹೋಲುವಂತೆ ತಯಾರಿಸಿದವುಗಳೇ. ಮೂರು, ತಿಂಗಳುಗಳು ಕಳೆದಂತೆ ತೂಕ ಇಳಿದು, ದೇಹವು ಮತ್ತೆ ಇನ್ಸುಲಿನ್ನಿನ ಮಾತು ಕೇಳತೊಡಗುತ್ತದೆ. ಕರುಳು ಬರಿಯ ಕೊಳವೆಯಲ್ಲ, ಅದೂ ರಸಗಳನ್ನು ಹುಟ್ಟಿಸುವ ಒಂದು ಅಂಗ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವರ್ಷಗಳು ಕಳೆದಂತೆ

ಇನ್ನು ಮುಖ್ಯವಾದ ಪ್ರಶ್ನೆಗೆ ಬರೋಣ. ಇಳಿದ ಸಕ್ಕರೆ ಇಳಿದೇ ಇರುತ್ತದೆಯೇ?

ಇದಕ್ಕೆ ಉತ್ತರ ಕೊಡಲು ದೀರ್ಘಕಾಲದ ತಾಳ್ಮೆ ಬೇಕು. ಸ್ವೀಡನ್ ದೇಶದಲ್ಲಿ 1987ರಲ್ಲಿ ಅಂತಹ ಒಂದು ಅಧ್ಯಯನ ಮೊದಲಾಯಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 2010 ಮಂದಿಯನ್ನೂ, ಅವರಷ್ಟೇ ಸ್ಥೂಲರಾಗಿದ್ದು ಸಾಮಾನ್ಯ ಚಿಕಿತ್ಸೆ ಪಡೆದ 2037 ಮಂದಿಯನ್ನೂ ವರ್ಷಗಟ್ಟಲೆ ಗಮನಿಸಿದರು. ಇವರಲ್ಲಿ ಮೊದಲೇ ಮಧುಮೇಹವಿದ್ದವರ ಕಥೆ ಹೀಗಿದೆ. ಎರಡು ವರ್ಷಗಳ ನಂತರ ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ 72 ಮಂದಿ ಕಾಯಿಲೆಯಿಂದ ಬಿಡುಗಡೆ ಹೊಂದಿದ್ದರು. ಹದಿನೈದು ವರ್ಷಗಳ ನಂತರ ನೋಡಿದರೆ ಆ 72 ಸುಮಾರು 30ಕ್ಕೆ ಇಳಿದಿತ್ತು. ಸಾಮಾನ್ಯ ಚಿಕಿತ್ಸೆಯವರಲ್ಲಿ ಇದೇ ಅವಧಿಗೆ ನೂರಕ್ಕೆ ಆರೋ ಏಳೋ ಮಂದಿ ಮಾತ್ರ.

ಆ ಅಧ್ಯಯನದಲ್ಲಿ ಬಹುಪಾಲು ಜನರಿಗೆ ಆದುದು ಜಠರವನ್ನು ಬಿಗಿದು ಕಿರಿದುಮಾಡುವ ಹಳೆಯ ಪದ್ಧತಿ. ಈಗ ಬಳಕೆಯಲ್ಲಿರುವ ಪದ್ಧತಿಗಳಲ್ಲಿಯೂ ಕಥೆ ಬಹಳ ಬೇರೆಯಾಗಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 150 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಿ ನೋಡಿದರು. ಐದು ವರ್ಷಗಳ ಫಲಿತಾಂಶ 2017ರಲ್ಲಿ ಬಂದಿತು. ಎಚ್‌ಬಿಎ1ಸಿ ಶೇಕಡ 6 ಅಥವಾ ಅದಕ್ಕಿಂತ ಕಡಿಮೆ ಇದ್ದವರು ಬೈಪಾಸ್ ಗುಂಪಿನಲ್ಲಿ ನೂರಕ್ಕೆ 29, ಸ್ಲೀವ್ ಗುಂಪಿನಲ್ಲಿ 23, ಔಷಧಿ ಮಾತ್ರ ಪಡೆದ ಗುಂಪಿನಲ್ಲಿ 5. ಇಟಲಿಯ ರೋಮ್ ನಗರದಲ್ಲಿ 60 ಮಂದಿಯನ್ನು ಹತ್ತು ವರ್ಷ ಗಮನಿಸಿ 2021ರಲ್ಲಿ ವರದಿ ಮಾಡಿದರು. ಬೈಪಾಸ್ ಆದವರಲ್ಲಿ ಹತ್ತು ವರ್ಷಗಳ ನಂತರವೂ ಕಾಯಿಲೆಯಿಂದ ದೂರ ಉಳಿದವರು ನೂರಕ್ಕೆ 25. ಅಮೆರಿಕದ ನಾಲ್ಕು ಅಧ್ಯಯನಗಳನ್ನು ಒಟ್ಟುಗೂಡಿಸಿದ 2024ರ ವರದಿಯಲ್ಲಿ, ಏಳು ವರ್ಷಗಳ ನಂತರ ಹೀಗೆ ಉಳಿದವರು ನೂರಕ್ಕೆ 18, ಹನ್ನೆರಡು ವರ್ಷಗಳ ನಂತರ ನೂರಕ್ಕೆ ಸುಮಾರು 13.

ಇಲ್ಲಿ ಭಾಷೆಯ ಉಪಾಧ್ಯಾಯರಾಗಿ ನಾವು ಒಂದು ಮಾತು ಹೇಳಲೇಬೇಕು. ‘ವಾಸಿ’ ಮತ್ತು ‘ಶಮನ’ ಎಂಬ ಎರಡು ಪದಗಳಿಗೆ ಅರ್ಥಭೇದವಿದೆ. ವಾಸಿಯಾದ ಗಾಯ ಮತ್ತೆ ಕೆರಳುವುದಿಲ್ಲ. ಶಮನವಾದುದು ಮತ್ತೆ ಎದ್ದೀತು. ವೈದ್ಯರು ಈ ಕಾಯಿಲೆಯ ವಿಷಯದಲ್ಲಿ ‘ವಾಸಿ’ ಎಂದು ಹೇಳುವುದಿಲ್ಲ, ‘ಶಮನ’ ಎಂಬ ಅರ್ಥ ಕೊಡುವ ಪದವನ್ನೇ ಬಳಸುತ್ತಾರೆ. ಔಷಧಿ ನಿಲ್ಲಿಸಿ ಮೂರು ತಿಂಗಳಾದರೂ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗೇ ಇದ್ದರೆ ಅದನ್ನು ಶಮನವೆಂದು ಎಣಿಸಬೇಕೆಂದು 2021ರಲ್ಲಿ ತಜ್ಞರು ಒಮ್ಮತಕ್ಕೆ ಬಂದರು. ನಮ್ಮ ಆಡುಮಾತಿನಲ್ಲಿ ‘ಬೂದಿ ಮುಚ್ಚಿದ ಕೆಂಡ’ ಎನ್ನುತ್ತೇವಲ್ಲವೆ? ಇದೂ ಅದೇ. ಮೇಲೆ ಬೂದಿ ತಣ್ಣಗೆ ಕಂಡರೂ ಕೆಂಡವಿಲ್ಲವೆಂದು ಕೈಯಿಡಬಾರದು.

ಕೆಂಡ ಮತ್ತೆ ಹೊತ್ತಿಕೊಳ್ಳುವುದೇಕೆ? ಇಳಿದ ತೂಕ ವರ್ಷಗಳು ಕಳೆದಂತೆ ಸ್ವಲ್ಪ ಸ್ವಲ್ಪವಾಗಿ ಹಿಂದಿರುಗುವುದು ಒಂದು ಕಾರಣ. ಇನ್ಸುಲಿನ್ ಹುಟ್ಟಿಸುವ ಜೀವಕೋಶಗಳು ವಯಸ್ಸಿನೊಂದಿಗೆ ಕ್ಷೀಣಿಸುತ್ತಾ ಹೋಗುವುದು ಮತ್ತೊಂದು. ಆದುದರಿಂದಲೇ ಕಾಯಿಲೆ ಬಂದು ಒಂದೆರಡು ವರ್ಷಗಳಷ್ಟೇ ಆದವರಲ್ಲಿ ಶಮನ ಹೆಚ್ಚು ಕಾಲ ನಿಲ್ಲುತ್ತದೆ. ಹತ್ತಾರು ವರ್ಷ ಕಾಯಿಲೆಯಿದ್ದು, ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವರಲ್ಲಿ ಶಮನವಾಗುವುದೇ ವಿರಳ. ಆದರೂ ಬೇಗ ಮರುಕಳಿಸುತ್ತದೆ.

ಹಾಗಾದರೆ ಲಾಭವೇನು?

ಇಷ್ಟನ್ನು ಓದಿ, ಶಸ್ತ್ರಚಿಕಿತ್ಸೆ ವ್ಯರ್ಥವೆಂದು ತಿಳಿಯಬಾರದು. ರೋಮಿನ ಅಧ್ಯಯನವನ್ನೇ ಮತ್ತೆ ನೋಡಿರಿ. ಎರಡು ವರ್ಷಗಳ ಹೊತ್ತಿಗೆ ಶಮನ ಕಂಡಿದ್ದ 34 ಮಂದಿಯಲ್ಲಿ 20 ಮಂದಿಗೆ ಮುಂದೆ ಕಾಯಿಲೆ ಮರುಕಳಿಸಿತು. ಆದರೆ ಆ 20 ಮಂದಿಯ ಸಕ್ಕರೆಯೂ ಹತ್ತು ವರ್ಷಗಳ ಕೊನೆಯಲ್ಲಿ ಹತೋಟಿಯಲ್ಲಿಯೇ ಇತ್ತು. ಅವರ ಎಚ್‌ಬಿಎ1ಸಿ ಸರಾಸರಿ 6.7. ಕಾಯಿಲೆ ಬಂದಿತು, ಆದರೆ ಮೊದಲಿನ ಅಬ್ಬರದಿಂದ ಬರಲಿಲ್ಲ.

ಸಕ್ಕರೆ ಕಾಯಿಲೆಯ ನಿಜವಾದ ಭಯ ಅಂಕಿಗಳಲ್ಲಿಲ್ಲ. ಕಣ್ಣು, ಮೂತ್ರಪಿಂಡ, ನರಗಳ ಸೂಕ್ಷ್ಮ ರಕ್ತನಾಳಗಳು ಕೆಡುವುದರಲ್ಲಿದೆ. ಸ್ವೀಡನ್ನಿನ ಅಧ್ಯಯನದಲ್ಲಿ ಇಂತಹ ತೊಡಕುಗಳು ಸಾಮಾನ್ಯ ಚಿಕಿತ್ಸೆಯ ಮಧುಮೇಹಿಗಳಲ್ಲಿ ಸಾವಿರಕ್ಕೆ ವರ್ಷಕ್ಕೆ ಸುಮಾರು 42 ಕಂಡುಬಂದರೆ, ಶಸ್ತ್ರಚಿಕಿತ್ಸೆಯಾದವರಲ್ಲಿ ಸುಮಾರು 21 ಮಾತ್ರ. ಅಂದರೆ ಅರ್ಧಕ್ಕರ್ಧ ಕಡಿಮೆ. ಮಧುಮೇಹವಿಲ್ಲದ ಸ್ಥೂಲಕಾಯರಲ್ಲಿ ಅದು ಹೊಸದಾಗಿ ಬರುವುದೂ ನಾಲ್ಕರಲ್ಲಿ ಮೂರು ಪಾಲಿನಷ್ಟು ತಪ್ಪಿತು. 2020ರಲ್ಲಿ ಪ್ರಕಟವಾದ ಅದೇ ಅಧ್ಯಯನದ ವರದಿಯಂತೆ ಶಸ್ತ್ರಚಿಕಿತ್ಸೆಯಾದವರು ಉಳಿದವರಿಗಿಂತ ಸುಮಾರು ಮೂರು ವರ್ಷ ಹೆಚ್ಚು ಬದುಕಿದರು. ಆದರೂ ಸಾಮಾನ್ಯ ಜನರ ಆಯುಸ್ಸನ್ನು ಮುಟ್ಟಲಿಲ್ಲ.

ಕೆರೆಯ ಹೂಳೆತ್ತಿದರೆ ಹಲವು ವರ್ಷ ನೀರು ನಿಲ್ಲುತ್ತದೆ. ಮತ್ತೆ ಹೂಳು ತುಂಬಿದರೂ ಅಷ್ಟು ವರ್ಷ ಗದ್ದೆ ಬೆಳೆದುದು ಸುಳ್ಳಾಗುವುದಿಲ್ಲ. ಹಾಗೆಂದು ಒಮ್ಮೆ ಹೂಳೆತ್ತಿಸಿದೆವೆಂದು ಕೆರೆಯನ್ನು ಮರೆಯುವಂತೆಯೂ ಇಲ್ಲ.

ಕಷ್ಟನಷ್ಟಗಳು

ಸ್ವೀಡನ್ನಿನ 2010 ಮಂದಿಯಲ್ಲಿ ಐವರು ಶಸ್ತ್ರಚಿಕಿತ್ಸೆಯಾದ ತೊಂಬತ್ತು ದಿನಗಳೊಳಗೆ ತೀರಿಕೊಂಡರು. ಸಂಖ್ಯೆ ಸಣ್ಣದು, ಸೊನ್ನೆಯಲ್ಲ. 2024ರ ಏಪ್ರಿಲ್‌ನಲ್ಲಿ ಚೆನ್ನೈಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪುದುಚೇರಿಯ ಯುವಕನೊಬ್ಬನು ಇಂತಹ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಮರಣ ಹೊಂದಿದ ಸುದ್ದಿಯನ್ನು ನಾವೆಲ್ಲರೂ ಓದಿದ್ದೇವೆ. ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆಯ ಸಕಲ ಸೌಕರ್ಯವೂ ಪಳಗಿದ ಕೈಯೂ ಇವೆಯೇ ಎಂದು ವಿಚಾರಿಸದೆ ಮುಂದುವರಿಯಬಾರದು.

ಆಮೇಲಿನ ಬದುಕೂ ಬದಲಾಗುತ್ತದೆ. ಕಬ್ಬಿಣ, ಸುಣ್ಣ, ಬಿ12 ಮತ್ತು ಡಿ ಜೀವಸತ್ವಗಳು ದೇಹಕ್ಕೆ ಸಾಲದೆ ಬರುವುದರಿಂದ ಅವನ್ನು ಜೀವಮಾನವೆಲ್ಲ ಮಾತ್ರೆಯಾಗಿ ತೆಗೆದುಕೊಳ್ಳಬೇಕು. ವರ್ಷವರ್ಷವೂ ರಕ್ತ ಪರೀಕ್ಷಿಸಿಕೊಳ್ಳಬೇಕು. ಸಿಹಿ ತಿಂದೊಡನೆ ಬೆವರು, ತಲೆಸುತ್ತು, ಹೊಟ್ಟೆನುಲಿತ ಕಾಣಿಸಬಹುದು. ಕೆಲವರಲ್ಲಿ ಊಟವಾದ ಒಂದೆರಡು ಗಂಟೆಗಳಲ್ಲಿ ಸಕ್ಕರೆ ತೀರ ಕೆಳಗಿಳಿಯುವುದೂ ಉಂಟು. ಮದ್ಯ ಬೇಗನೆ ತಲೆಗೇರುತ್ತದೆ. ನಮ್ಮ ಸೀಮೆಯವರಿಗೆ ಇನ್ನೊಂದು ಕಷ್ಟ. ನಾವು ಮುದ್ದೆಯನ್ನು ಅಗಿಯದೆ ನುಂಗುವವರು. ಕಿರಿದಾದ ಜಠರಕ್ಕೆ ಅದು ಸಲ್ಲದು. ಯಾವ ಆಹಾರವನ್ನಾದರೂ ಸ್ವಲ್ಪಸ್ವಲ್ಪವಾಗಿ ಚೆನ್ನಾಗಿ ಅಗಿದು ತಿನ್ನಬೇಕು. ಹುಟ್ಟಿನಿಂದ ಬಂದ ಅಭ್ಯಾಸವನ್ನು ನಲವತ್ತರಲ್ಲಿ ಬಿಡುವುದು ಸುಲಭವಲ್ಲ.

ಯಾರಿಗೆ ತಕ್ಕದ್ದು?

ಇದಕ್ಕೆ ಒಂದು ಲೆಕ್ಕವಿದೆ. ಕಿಲೋಗ್ರಾಂಗಳಲ್ಲಿ ತೂಕವನ್ನು, ಮೀಟರುಗಳಲ್ಲಿ ಎತ್ತರದ ವರ್ಗದಿಂದ ಭಾಗಿಸಿದರೆ ದೇಹತೂಕದ ಸೂಚ್ಯಂಕ ಬರುತ್ತದೆ. ಉದಾಹರಣೆಗೆ, ತೂಕ 80 ಕಿಲೋ, ಎತ್ತರ 1.6 ಮೀಟರ್ ಇದ್ದರೆ, 80 ÷ 2.56 = 31.25. ಭಾರತೀಯರಿಗೆ ಪಾಶ್ಚಾತ್ಯರಿಗಿಂತ ಕಡಿಮೆ ತೂಕದಲ್ಲಿಯೇ ಮಧುಮೇಹ ಬರುವುದರಿಂದ ನಮಗೆ ಮಿತಿಗಳೂ ಕಡಿಮೆ. 2016ರಲ್ಲಿ ಹಲವು ದೇಶಗಳ ವೈದ್ಯಸಂಘಗಳು ಒಪ್ಪಿದ ಸೂತ್ರದಂತೆ, ಏಷ್ಯಾದ ಮಧುಮೇಹಿಗಳಲ್ಲಿ ಸೂಚ್ಯಂಕ 37.5 ದಾಟಿದವರಿಗೆ ಶಸ್ತ್ರಚಿಕಿತ್ಸೆಯನ್ನು ಸಲಹೆ ಮಾಡಬಹುದು. 32.5ರಿಂದ ಮೇಲಿನವರಿಗೆ, ಔಷಧಿಯಿಂದ ಸಕ್ಕರೆ ಹತೋಟಿಗೆ ಬಾರದಿದ್ದರೆ ಸಲಹೆ ಮಾಡಬಹುದು. 27.5ರಿಂದ 32.5ರವರೆಗೆ, ಔಷಧಿಗೆ ಜಗ್ಗದಿದ್ದರೆ ಮಾತ್ರ ಆಲೋಚಿಸಬಹುದು.

ನಮ್ಮ ಸೀಮೆಯ ಮಾತು

ನಮ್ಮ ತಾಲ್ಲೂಕಿನಲ್ಲಿ ಹಿಂದೆ ರಾಗಿಹೊಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ದುಡಿದವರ ಮಕ್ಕಳು ಇಂದು ಹೊಸೂರಿನ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುತ್ತಾರೆ. ಮುದ್ದೆಯ ಗಾತ್ರ ಹಾಗೆಯೇ ಇದೆ; ಬೆವರು ಕಡಿಮೆಯಾಗಿದೆ. ‘ರಾಗಿ ತಿಂದವನು ನಿರೋಗಿ’ ಎಂದು ಹಾಡಿ ಹೊಗಳುತ್ತೇವೆ. ರಾಗಿಯಲ್ಲಿ ನಾರೂ ಸುಣ್ಣವೂ ಹೆಚ್ಚಿರುವುದು ನಿಜ, ಆದರೆ ಅದರಲ್ಲಿಯೂ ಪಿಷ್ಟವೇ ಮುಖ್ಯ. ಪ್ರಮಾಣ ಮೀರಿದರೆ ಅದೂ ಸಕ್ಕರೆಯೇ.

ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ತಂಡವು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮಗೆ ಧೈರ್ಯ ಕೊಡುತ್ತದೆ. ಕಾಯಿಲೆಯ ಹೊಸ್ತಿಲಲ್ಲಿದ್ದವರು ನಡಿಗೆಯನ್ನೂ ಮಿತವಾದ ಊಟವನ್ನೂ ರೂಢಿಸಿಕೊಂಡಾಗ, ಸುಮಾರು ಮೂರು ವರ್ಷಗಳಲ್ಲಿ ಮಧುಮೇಹ ಬರುವ ಸಂಭವ ನೂರಕ್ಕೆ 28ರಷ್ಟು ತಗ್ಗಿತು. ಇದಕ್ಕೆ ಕತ್ತಿಯೂ ಬೇಡ, ಹೊಲ ಮಾರುವುದೂ ಬೇಡ. ಕಾಯಿಲೆ ಬಂದವರಿಗಾಗಿ ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿಯೇ 2021ರ ಆಗಸ್ಟ್ 5ರಂದು ತಮಿಳುನಾಡು ಸರ್ಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಆರಂಭವಾಯಿತು. ಜನರನ್ನು ಅರಸಿ ಬರುವ ವೈದ್ಯ ಎಂದು ಅದರ ಅರ್ಥ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆಬಾಗಿಲಿಗೆ ತಂದುಕೊಡುವ ಏರ್ಪಾಡು ಇದು.

ಇನ್ನು ಆ ಹುಡುಗನ ಮಾತು. ಮರುದಿನ ಅವನಿಂದಲೇ ಲೆಕ್ಕ ಮಾಡಿಸಿದೆವು. ತಂದೆಯ ತೂಕ 74 ಕಿಲೋ, ಎತ್ತರ 1.65 ಮೀಟರ್. ಉತ್ತರ 27.2 ಬಂದಿತು. ಕಾಯಿಲೆ ಬಂದು ಹನ್ನೊಂದು ವರ್ಷ. ಮೈ ಹಗುರವೆನಿಸಿದ ತಿಂಗಳು ಮಾತ್ರೆ ಬಿಡುವ ಅಭ್ಯಾಸ ಬೇರೆ. ಆ ಕಾಗದವನ್ನು ತಂದೆಯ ಕೈಗೆ ಕೊಟ್ಟು, ಇದನ್ನು ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಮಾಡಿ ಎಂದು ತಿಳಿಸಿದೆವು. ವೈದ್ಯರು ಶಸ್ತ್ರಚಿಕಿತ್ಸೆ ಬೇಡವೆಂದರು. ಮಾತ್ರೆಯನ್ನು ತಪ್ಪಿಸದಿರಲು ಗದರಿಸಿ ಕಳುಹಿಸಿದರಂತೆ. ಈ ವರ್ಷ ಆ ಹೊಲದಲ್ಲಿ ರಾಗಿಯ ಜೊತೆ ಅವರೆಯೂ ಬಂದಿದೆ. ಹುಡುಗನು ತಂದೆಯ ಎಚ್‌ಬಿಎ1ಸಿಯನ್ನು ಮೂರು ತಿಂಗಳಿಗೊಮ್ಮೆ ತನ್ನ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತಾನೆ. ಅದು ಇನ್ನೂ 7ಕ್ಕೆ ಇಳಿದಿಲ್ಲ, ಇಳಿಯುತ್ತಿದೆ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಮನೆಗಳಲ್ಲಿಯೂ ಇಂತಹ ಚೀಟಿಗಳಿರಬಹುದು. ಓದಿ ಹೇಳಿರಿ. ತಿಳಿಯದಿದ್ದರೆ ವೈದ್ಯರನ್ನು ಕೇಳಿರಿ. ‘ವಾಸಿ’ ಎಂದು ಯಾರಾದರೂ ಆಸೆ ತೋರಿಸಿದರೆ, ‘ಎಷ್ಟು ವರ್ಷಕ್ಕೆ?’ ಎಂದು ಕೇಳುವುದನ್ನು ಕಲಿಯಿರಿ.

ಅಭ್ಯಾಸ

1. ‘ವಾಸಿ’ ಮತ್ತು ‘ಶಮನ’ ಪದಗಳ ಅರ್ಥಭೇದವನ್ನು ನಿಮ್ಮ ಸ್ವಂತ ವಾಕ್ಯಗಳಲ್ಲಿ ತೋರಿಸಿರಿ.
2. ಗ್ಯಾಸ್ಟ್ರಿಕ್ ಬೈಪಾಸ್ ಆದ ಕೆಲವೇ ದಿನಗಳಲ್ಲಿ ರಕ್ತದ ಸಕ್ಕರೆ ಇಳಿಯಲು ಕಾರಣಗಳೇನು?
3. ಶಮನವಾದ ಮಧುಮೇಹ ಮರುಕಳಿಸಿದರೂ ಶಸ್ತ್ರಚಿಕಿತ್ಸೆ ವ್ಯರ್ಥವಲ್ಲವೆಂದು ಹೇಗೆ ಹೇಳುವಿರಿ?
4. ಎತ್ತರ 1.6 ಮೀಟರ್ ಇರುವವರ ಸೂಚ್ಯಂಕ 32.5 ಆಗಬೇಕಾದರೆ ತೂಕ ಎಷ್ಟಿರಬೇಕು?
5. ‘ಬೂದಿ ಮುಚ್ಚಿದ ಕೆಂಡ’ ಎಂಬ ನುಡಿಗಟ್ಟನ್ನು ಬಳಸಿ ಒಂದು ಪುಟದ ಪ್ರಬಂಧ ಬರೆಯಿರಿ.